ಬೋಣಿ ಆಗದ ಬುಟ್ಟಿ

ನಾನು ಬರೆದುಕೊಟ್ಟ ಪ್ರಾಜೆಕ್ಟಿನ ಕೆಲಸಕ್ಕೆ ಪ್ರೊಫೆಸರ್ ತಮ್ಮ ಅಕ್ಕನ ಮಗ ಪ್ರಖ್ಯಾತ್‌ನನ್ನು ಸೇರಿಸಿಕೊಂಡರು, ಸೇರಿಸಿಕೊಂಡ ಮೇಲೆ ನನ್ನನ್ನು ಸಂದರ್ಶನಕ್ಕೆ ಕರೆದರು. ಅಗೋ ಅಲ್ಲೇ ನಿಂತಿದ್ದಾನೆ, ಗಂಗೊಳ್ಳಿಯ ದೋಣಿ ನಿಲ್ಲುವ ದಕ್ಕೆಯ ಐಸ್ ಪೆಟ್ಟಿಗೆಗಳ ಪಕ್ಕ, ಬಿಳಿ ಶೂಗೆ ಮೀನಿನ ನೀರು ತಾಗದ ಹಾಗೆ ಒಂದು ಕಾಲು ಎತ್ತಿಕೊಂಡು, ಕೊಕ್ಕರೆ — ಛೆ, ಕೊಕ್ಕರೆಯಾದರೂ ತನ್ನ ಮೀನು ತಾನೇ ಹಿಡಿಯುತ್ತದೆ. ಬಿಸಿಲು ಏರುತ್ತಿದೆ, ಅಮ್ಮನ ಬುಟ್ಟಿಯ ಮೇಲೆ ಒದ್ದೆ ಗೋಣಿ, ಅವನನ್ನು ಕಂಡದ್ದೇ ಸಾಲಿನ ಹೆಂಗಸರೆಲ್ಲ ಗೋಣಿ ಎಳೆದುಕೊಂಡಿದ್ದಾರೆ, ಮೊನ್ನೆಯಿಂದ ಹೀಗೇ, ಮೊನ್ನೆ ಬೋಣಿಯೇ ಆಗಿರಲಿಲ್ಲ, ದಿನದ ಮೊದಲ ಮೀನು ಮಾರಾಟವಾಗುವ ತನಕ ಕೊಳ್ಳದವರು ಬೆರಳು ತಾಗಿಸಬಾರದ ಬುಟ್ಟಿ, ಇವನು ಬಂದವನೇ ಒಂದು ಬಂಗುಡೆ ಎತ್ತಿ ಬ್ಲೇಡಿನಲ್ಲಿ ಹೊಟ್ಟೆ ಸೀಳಿದ, ಮೊಟ್ಟೆಯ ಚೀಲ ಜಾರಿ ಅಮ್ಮನ ಕಾಲ ಬಳಿ ಬಿತ್ತು, ನಾನು ತಗೊಳ್ಳೋದಿಲ್ಲ ಅಮ್ಮಾ, ಬರೀ ನೋಡ್ಲಿಕ್ಕೆ ಬಂದದ್ದು ಎಂದ. ಹ್ವಾಯ್ ಡಾಕ್ಟ್ರೇ, ಪೋಸ್ಟ್‌ಮಾರ್ಟಂ ಮಾಡುಕೆ ಹೆಣ ಸಿಕ್ಲಿಲ್ಯಾ ನಿಮ್ಗೆ, ಪಕ್ಕದ ಬುಟ್ಟಿಯ ರಾಜೀವಿಯಕ್ಕ ಕೂಗಿದ್ದು ಹೊಳೆಯಾಚೆಗೂ ಕೇಳಿರಬೇಕು. ಅಂದಿನಿಂದ ಅವನಿಗೆ ಒಂದು ಮೀನೂ ಇಲ್ಲ, ಬಂಗುಡೆ ಯಾವಾಗ ಮೊಟ್ಟೆ ತುಂಬಿಕೊಳ್ಳುತ್ತದೆ ಎಂಬ ಸಂಶೋಧನೆಗೆ ಬಂಗುಡೆಯೇ ಇಲ್ಲ, ಆಹಾ. ಸಂದರ್ಶನದ ದಿನ ಮೂವರು ಮಹನೀಯರು ಗೋಳಿಬಜೆ ತಿನ್ನುತ್ತ, ಎಣ್ಣೆಗೈಯಲ್ಲೇ ಹಾಳೆ ಮಗುಚಿ, ನನ್ನದೇ ವಾಕ್ಯ ಓದಿ ಇದರ ಅರ್ಥ ಗೊತ್ತುಂಟಾ ಎಂದು ನನ್ನನ್ನೇ ಕೇಳಿದರು, ಮದುವೆ ಯಾವಾಗ ಎಂದೂ ಕೇಳಿದರು, ವಿಜ್ಞಾನವಲ್ಲವೇ, ಎಲ್ಲ ವಿವರ ಬೇಕು — ನಾನೂ ನಕ್ಕು ಉತ್ತರ ಕೊಟ್ಟೆನಲ್ಲ, ಥೂ.

ಮೊಬೈಲು ಬಡಿದುಕೊಳ್ಳುತ್ತಿದೆ, ಪ್ರೊಫೆಸರೇ, ಎತ್ತಿದೆ, ನೋಡಮ್ಮ ಸ್ನೇಹಲತಾ, ಅವರೆಲ್ಲ ನಿಮ್ಮವರೇ ಅಲ್ವಾ, ನೀನು ಒಂದು ಮಾತು ಹೇಳಿದರೆ ಬುಟ್ಟಿ ತೆಗೀತಾರೆ, ಮುಂದಿನ ಪೋಸ್ಟ್‌ಡಾಕ್ ಕೆಲಸ ನಿನಗೇ ಅಂತ ಇಟ್ಟಿದ್ದೇನೆ, ಸುಮ್ಮನೆ ಹಾಳು ಮಾಡ್ಕೋಬೇಡ. ಕೆಲಸ ಹಂಚುವಾಗ ಅವರ ಮನೆಯವರು, ಮೀನು ಬೇಕಾದಾಗ ನಮ್ಮವರು. ಬರುವ ವರ್ಷ ನನಗೆ ವಯಸ್ಸಿನ ಮಿತಿ ದಾಟುತ್ತದೆ, ಆಮೇಲೆ ಯಾವ ವಿಶ್ವವಿದ್ಯಾಲಯದ ಬಾಗಿಲೂ ಇಲ್ಲ, ಅದು ಅವರಿಗೆ ಗೊತ್ತು, ಗೊತ್ತಿದ್ದೇ ಗಾಳ ಹಾಕುವುದು, ಗಾಳಕ್ಕೆ ಸಿಕ್ಕಿಸುವ ಎರೆಯಾದರೂ ನಿಜದ್ದೋ, ಹಿಂದಿನ ಕೆಲಸವನ್ನೂ ಹೀಗೇ ನನಗೆಂದು ಇಟ್ಟಿದ್ದರು. ಎಂತ ಹೇಳ್ತ್ರ್ ಮಗಾ, ಅಮ್ಮ ಕೇಳುತ್ತಾಳೆ, ಕೇಳದೆಯೂ ಅವಳಿಗೆ ಗೊತ್ತು, ನಿಂಗೆ ಕೆಲ್ಸ ಸಿಕ್ಕುದಾರೆ ನಾನೇ ಗೋಣಿ ತೆಗಿತೆ ಮಾರಾಯ್ತಿ, ಒಂದ್ ದಿನ ಬೋಣಿ ಹಾಳಾರೆ ಸಾಯ್ತ್ವಾ ನಾವ್. ಅವಳ ಕೈ ಗೋಣಿಯ ತುದಿಗೆ ಹೋಯಿತು, ಇಷ್ಟು ವರ್ಷ ನಾನು ಓದಿದ್ದಕ್ಕೆ ಅವಳು ಇನ್ನೂ ಏನೇನು ಕೊಡಬೇಕು, ಆಚೆ ಪ್ರಖ್ಯಾತ್ ಎತ್ತಿದ ಕಾಲು ಇಳಿಸಿದ, ಬರುತ್ತಿದ್ದಾನೆ, ಜೇಬಿನಿಂದ ಬ್ಲೇಡು, ಮೊನ್ನೆ ಸೀಳಿದ ಹೊಟ್ಟೆ, ಅಮ್ಮನ ಕಾಲ ಬಳಿ ಮೊಟ್ಟೆಯ ಚೀಲ, ಫೋನಿನಲ್ಲಿ ಇನ್ನೂ ಪ್ರೊಫೆಸರ್, ಹೇಳ್ತೀಯಲ್ಲ ಸ್ನೇಹಲತಾ, ಅಮ್ಮನ ಕಾಲ ಬಳಿ, ಹೇಳ್ತೀಯಲ್ಲ, ಕಾಲ ಬಳಿ ಆ ಚೀಲ — ಅಮ್ಮನ ಕೈಯ ಮೇಲೆ ಕೈಯಿಟ್ಟು ಗೋಣಿಯನ್ನು ಒತ್ತಿ ಹಿಡಿದೆ. ಇಲ್ಲ ಸರ್, ಹೇಳುವುದಿಲ್ಲ.