ಅಳುವ ಸುರುಳಿ

ದುಂಡಮ್ಮ ಡೇರೆ ಸಿನಿಮಾದ ಪರದೆಗೆ ನೀರು ಎರಚುತ್ತಿದ್ದಳು. ಬಟ್ಟೆ ಹಸಿಯಾಗಿದ್ದರಷ್ಟೇ ಚಿತ್ರ ಹಿಂಬದಿಗೂ ಮೂಡುತ್ತಿತ್ತು; ಹೆಂಗಸರು ಕೂರುವುದು ಅಲ್ಲೇ. ಅಲ್ಲಿಂದ ನೋಡಿದರೆ ಕುದುರೆ ಸವಾರರೆಲ್ಲ ಎಡಗೈಯವರು.

ಕಲಬುರಗಿಯ ಗಂಜ್ ಪೇಟೆಯ ಬಯಲಲ್ಲಿ ಡೇರೆ ಹಾಕಿ ಆರು ದಿನವಾಗಿತ್ತು. ಆರು ದಿನವೂ ಅದೇ ಮೂಕಿ ಚಿತ್ರ. ಬಿಳಿ ತೊಗಲಿನ ಗೋರೇ ಜನರ ಸೀಮೆಯ ಮೂವರು ದನಗಾಹಿಗಳು ಧಣಿಯ ಮೇಲಿನ ಸಿಟ್ಟಿಗೆ ದರೋಡೆಗಿಳಿಯುತ್ತಾರೆ. ಮೊದಲೆಲ್ಲ ಓಟ, ಗುಂಡು, ಧೂಳು. ನಡುವೆ ಫಿಲ್ಮಿನ ಒಂದು ಸುರುಳಿ ಪೂರ್ತಿ ಕಿರಿಯವನು ತಾಯಿಯ ಹೊಸ್ತಿಲಲ್ಲಿ ಕೂತು ಅಳುತ್ತಾನೆ. ಎದ್ದು ಹೋಗಿ ಠಾಣೆಯಲ್ಲಿ ಬಂದೂಕು ಇಡುತ್ತಾನೆ. ಅವನಿಗೆ ಮಾಫಿ ಸಿಗುತ್ತದೆ. ಆಮೇಲೆ ಮತ್ತೆ ಓಟ.

ಅವಳ ಅಣ್ಣ ಅಮೋಘಪ್ಪ ಕಮಲಾಪುರದಲ್ಲಿ ಜಾಗೀರದಾರರ ದನ ಕಾಯುತ್ತಿದ್ದ. ಕಳೆದುಹೋದ ಒಂದು ಕರುವಿಗಾಗಿ ಕಾರಕೂನ ಕಂಬಕ್ಕೆ ಕಟ್ಟಿಸಿ ಹೊಡೆಸಿದ ಮೇಲೆ, ಇನ್ನಿಬ್ಬರ ಜೊತೆ ಹಿಂಡನ್ನೇ ಹೊಡೆದುಕೊಂಡು ಗುಡ್ಡ ಸೇರಿದ್ದ. ಈಗ ಬಂಡಿ ದೋಚುತ್ತಾರಂತೆ. ಶುಕ್ರವಾರದೊಳಗೆ ತಾವಾಗಿ ಬಂದವರಿಗೆ ಮಾಫಿ, ಆಮೇಲೆ ಸಿಕ್ಕವರಿಗೆ ಗುಂಡು ಎಂದು ಪೊಲೀಸ್ ಅಮೀನರು ಡಂಗುರ ಸಾರಿಸಿದ್ದರು. ಇವತ್ತು ಗುರುವಾರ.

ಠಾಣೆಗೆ ಬಾ ಎಂದು ಅವ್ವ ಎರಡು ಸಲ ಹೇಳಿ ಕಳಿಸಿದರೂ ಅವನು ಬಂದಿರಲಿಲ್ಲ. ಹೇಳಿದರೆ ಕೇಳದವನಿಗೆ ಆ ಅಳುವ ಸುರುಳಿ ತೋರಿಸಬೇಕು ಎನಿಸಿತ್ತು ದುಂಡಮ್ಮನಿಗೆ. ಕಮಲಾಪುರದಿಂದ ಸೌದೆ ತರುವ ಮಹಾದೇವಮ್ಮನ ಕೈಯಲ್ಲಿ ಚಿತ್ರ ನೋಡಲು ಬಾ ಎಂದು ಸುದ್ದಿ ಮುಟ್ಟಿಸಿದ್ದಳು.

“ಬಂದಾನವ್ವಾ,” ಎಂದು ಮಹಾದೇವಮ್ಮ ಪಕ್ಕ ಕೂತು ಪಿಸುಗುಟ್ಟಿದಳು. “‘ನಮ್ಮಂಥೋರ್ದೂ ಚಿತ್ರ ತಗೀತಾರೇನು’ ಅಂತ ನಗ್ಲಕತ್ತಿದ್ದ.”

ದುಂಡಮ್ಮ ಪರದೆಯ ಅಂಚಿನಿಂದ ಇಣುಕಿದಳು. ಮುಂದಿನ ಸಾಲಿನ ನೆಲದಲ್ಲಿ ಅಣ್ಣ ರುಮಾಲು ಹುಬ್ಬಿಗೆ ಇಳಿಸಿ ಕೂತಿದ್ದ. ಕುದುರೆ ಓಡಿದಾಗಲೆಲ್ಲ ತೊಡೆ ತಟ್ಟುತ್ತಿದ್ದ.

ಸುರುಳಿ ಮುಗಿದು ಬೆಳಕು ಬಿಳುಪಾಯಿತು. ಯಾರೋ ಕೂಗಿದರು: “ಏ ಸಾಹೇಬ್ರ, ಇವತ್ತೂ ಆ ಅಳಬುರುಕನ್ನ ತೋರ್ಸಿದ್ರ ಚಪ್ಪಲಿ ಬೀಳ್ತಾವ್ ನೋಡ್ರಿ!”

ಡೇರೆಯೆಲ್ಲ ನಕ್ಕಿತು. ಡೇರೆಯ ಧಣಿ ಜಹೀರುದ್ದೀನನೂ ನಕ್ಕ. ಯಂತ್ರ ತಿರುಗಿಸುವ ಹಮೀದನಿಗೆ ಅಳುವ ಸುರುಳಿ ಬಿಟ್ಟು ಕೊನೆಯದನ್ನೇ ಹಾಕಲು ಹೇಳಿದ: “ರೋನೇವಾಲಾ ನಕ್ಕೋ ರೇ. ಸೀದಾ ಆಖರೀ ಲಗಾ.”

ದುಂಡಮ್ಮ ತಂಬಿಗೆ ಹಿಡಿದೇ ಗಂಡಸರ ನಡುವೆ ಓಡಿದಳು. ಹಾಗೆ ಎಂದೂ ಹೋದವಳಲ್ಲ.

“ಸಾಹೇಬ್ರ... ಆ ಸುರುಳಿ ಬಿಡಬ್ಯಾಡ್ರಿ.”

“ಆರು ದಿನ ನೋಡೀದಿ, ಸಾಕಾಗಿಲ್ಲೇನವ್ವಾ? ಹೋಗು, ಪರದಿ ಒಣಗ್ಲಕತ್ತದ.”

ಹಮೀದ ಆಗಲೇ ಕೊನೆಯ ಸುರುಳಿ ಏರಿಸಿದ್ದ. ಇಬ್ಬರು ಸವಾರರು ಹೊಳೆ ದಾಟಿ ಟೋಪಿ ಬೀಸಿದರು. ಮೂರನೆಯವನು ಎಲ್ಲಿ ಹೋದನೆಂದು ಯಾರೂ ಕೇಳಲಿಲ್ಲ.

ಜನ ಎದ್ದರು. ಅಮೋಘಪ್ಪ ಅವಳನ್ನು ಒರಸಿಕೊಂಡೇ ಹಾಯ್ದ. ಕಣ್ಣುಗಳು ಹೊಳೆಯುತ್ತಿದ್ದವು.

“ನೋಡ್ದೇನ ತಂಗೀ? ಯಾರ ಕೈಗೂ ಸಿಗಲಿಲ್ಲ ಮಕ್ಳು!”

ಹೆಸರು ಹಿಡಿದು ಕೂಗುವಂತಿರಲಿಲ್ಲ. ಬಾಗಿಲಲ್ಲೇ ಪೊಲೀಸ್ ಜವಾನನಿದ್ದ. ಜನರ ಹೆಗಲುಗಳ ನಡುವೆ ರುಮಾಲು ಮುಂದೆ ಮುಂದೆ ಸರಿಯುತ್ತಿತ್ತು.

“ಅಣ್ಣಾ,” ಎಂದಳು ದುಂಡಮ್ಮ. “ಇನ್ನೊಂದೀಟು ಕುಂದ್ರು. ಇನ್ನಾ ಒಂದು ಸುರುಳಿ ಉಳದದ.”