ಸಾಲು ತಪ್ಪಿದ ತೇಗ

ಹಲಸಿನ ಗಿಡದ ಬುಡದಿಂದ ಒಂದು ಮೊಳ ಬಿಟ್ಟು ಕೆರಿಯಮ್ಮ ಗುದ್ದಲಿ ಹಾಕಿದಳು. ತಾನೇ ಅಗೆಯುತ್ತೇನೆಂದು ಗಂಡ ಜಟ್ಟಿಂಗಪ್ಪ ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದ. ಎರಡು ಸಲವೂ ಗುದ್ದಲಿ ಹಿಡಿದು ಬಂದು, ಗಿಡದ ಎದುರು ನಿಂತು, ಬೀಡಿ ಮರೆತೆ ಎಂದು ಗುಡಿಸಲಿಗೆ ವಾಪಸಾಗಿದ್ದ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಏನಾದರೊಂದು ಮರೆತುಹೋಗುತ್ತದೆ.

ಗಿಡ ಅವಳ ಭುಜದೆತ್ತರ ಬೆಳೆದಿತ್ತು. ಅದರ ಕೆಳಗೆ ಅವರ ಮಗಳು ಚೌಡಿಯನ್ನು ಮಣ್ಣು ಮಾಡಿ ಎರಡು ವರ್ಷವಾಗುತ್ತ ಬಂದಿತ್ತು.

ಸಾಗರದ ಕಡೆಯ ಅವರ ಊರು ಶರಾವತಿ ಆಣೆಕಟ್ಟಿನ ನೀರಿಗೆ ಹೋದಾಗ, ಗೇಣಿ ಚೀಟಿಯಿಲ್ಲದೆ ಪರಿಹಾರದ ಜಮೀನು ಸಿಗದ ಜಟ್ಟಿಂಗಪ್ಪನ ಪಾಲಿಗೆ ಬಂದದ್ದು ಹೊಸನಗರದ ಕಡೆಯ ಈ ಬೋಳುಗುಡ್ಡ. ಹೋದ ಕಾಡಿನ ಬದಲು ಹೊಸ ಕಾಡಾಗಬೇಕು, ಬಡವರಿಗೂ ಒಂದು ತುತ್ತು ಸಿಗಬೇಕು ಎಂಬ ಅರಣ್ಯ ಇಲಾಖೆಯ ಏರ್ಪಾಡು. ಗೂಟ ಹೊಡೆದಲ್ಲೆಲ್ಲ ತೇಗ ನೆಡುವುದು, ಸಾಲಿನ ನಡುವೆ ರಾಗಿ, ಎಳ್ಳು ಬೆಳೆದುಕೊಂಡು ಉಣ್ಣುವುದು. ತೇಗದ ನೆರಳು ಕೂಡಿಕೊಂಡು ಬೆಳೆ ಬಾರದಾದ ಮೇಲೆ ಇನ್ನೊಂದು ಗುಡ್ಡಕ್ಕೆ ನಡೆಯುವುದು. ಕಡೆಯ ಮಾತನ್ನು ಗಾರ್ಡ್ ಸುಬ್ಬಯ್ಯ ಮೊದಲ ದಿನವೇ ಹೇಳಿದ್ದ. ಮನೆ ಮುಳುಗಿಸಿಕೊಂಡು ಬಂದವರ ಕಿವಿಗೆ ಅದು ಬೀಳಲಿಲ್ಲ. ಅವರ ಊರಲ್ಲಿ ಸಸಿ ನೆಟ್ಟವನದೇ ಹಿತ್ತಲು. ಕೈಯಾರೆ ಮರ ನೆಟ್ಟ ಮೇಲೆ ಇದೂ ತಮ್ಮದೇ ಎಂದು ನಂಬಿಬಿಟ್ಟರು. ಹಾಗೆ ನಂಬಿ ಆ ತೇಗಗಳನ್ನು ಎಷ್ಟು ಚೆನ್ನಾಗಿ ಸಾಕಿದರೆಂದರೆ, ನೆರಳು ಎಲ್ಲರಿಗಿಂತ ಮೊದಲು ಅವರ ಗುಡ್ಡದಲ್ಲೇ ಕೂಡಿತು.

ನೆಡುವುದನ್ನು ಕಲಿಸಿದವನೂ ಸುಬ್ಬಯ್ಯನೇ. ಹಾರೆಯಿಂದ ಕುಳಿ ತೆಗೆದು, ಗೇಣುದ್ದದ ತೇಗದ ಬೇರುತುಂಡನ್ನು ಇಳಿಸಿ, ಸುತ್ತ ಹಿಮ್ಮಡಿಯಿಂದ ಮೆಟ್ಟಬೇಕು. ಗಾಳಿ ಹೊಕ್ಕರೆ ತುಂಡು ಸಾಯುತ್ತದೆ, ಕರುಣೆ ತೋರಿಸಬೇಡಿ ಎನ್ನುತ್ತಿದ್ದ. ಮೂರು ವರ್ಷದ ಚೌಡಿ ಅಮ್ಮನ ಹಿಂದೆಯೇ ಬಂದು, ಲಂಗ ಎತ್ತಿ ಹಿಡಿದು ತಾನೂ ಮೆಟ್ಟುತ್ತಿದ್ದಳು. ಅವಳು ಮೆಟ್ಟಿದ್ದನ್ನೆಲ್ಲ ಕೆರಿಯಮ್ಮ ಇನ್ನೊಂದು ಸಲ ಮೆಟ್ಟಬೇಕಾಗುತ್ತಿತ್ತು.

ಆ ಶ್ರಾವಣದಲ್ಲಿ ಮಗುವಿಗೆ ಜ್ವರ ಬಂತು. ತೀರ್ಥಹಳ್ಳಿಯ ಆಸ್ಪತ್ರೆಗೆಂದು ಹೊತ್ತುಕೊಂಡು ಹೊರಟವರು, ಹಳ್ಳ ದಾಟಲಾಗದೆ ದಡದಲ್ಲೇ ಒಂದು ಹಗಲು ಕೂತು, ಸಂಜೆಗೆ ಉಸಿರಿಲ್ಲದ ಮೈಯನ್ನು ಹೊತ್ತು ತಂದರು. ಎರಡು ಸಾಲಿನ ನಡುವೆ ಮಣ್ಣು ಮಾಡಿದರು. ಸುಬ್ಬಯ್ಯ ಕಂಡೂ ಕಾಣದವನಂತೆ ಇದ್ದ. ಊರಿನ ಕೊನೆಯ ಹಲಸಿನ ಹಣ್ಣಿನ ಬೀಜಗಳನ್ನು ಕೆರಿಯಮ್ಮ ಕೆಮ್ಮಣ್ಣು ಹಚ್ಚಿ ಜೋಪಾನ ಮಾಡಿದ್ದಳು. ಸುಟ್ಟ ಬೀಜವೆಂದರೆ ಚೌಡಿಗೆ ಪ್ರಾಣ. ಅದರಲ್ಲೊಂದನ್ನು ಅಲ್ಲಿ ಊರಿದಳು. ಒಡಕು ಮಡಕೆಯಲ್ಲಿ ಹಾಕಿದ್ದರೆ ಹೊತ್ತುಕೊಂಡು ಹೋಗಬಹುದಿತ್ತು. ಎಲ್ಲಿಗೂ ಹೋಗದವಳ ಹಾಗೆ ನೆಲಕ್ಕೇ ಹಾಕಿದ್ದಳು.

ನಾಳೆ ರೇಂಜರು ನೋಡಲು ಬರುತ್ತಾರೆ. ತೇಗವಲ್ಲದ ಗಿಡ ಒಂದು ನಿಂತಿದ್ದರೂ ಮುಂದಿನ ಗುಡ್ಡ ಸಿಗುವುದಿಲ್ಲ. ಹಲಸನ್ನು ಕಿತ್ತು ಹೊಸ ಜಾಗದಲ್ಲಿ ನೆಟ್ಟುಕೊಳ್ಳಿ ಎಂದು ಸುಬ್ಬಯ್ಯನೇ ದಾರಿ ತೋರಿಸಿದ್ದ.

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಪಕ್ಕದ ಬೇರುಗಳೆಲ್ಲ ಬಿಟ್ಟುಕೊಂಡವು. ತಾಯಿಬೇರು ಮಾತ್ರ ಹೆಬ್ಬೆರಳ ದಪ್ಪಕ್ಕೆ ನೆಟ್ಟಗೆ ಕೆಳಗೆ ಇಳಿದಿತ್ತು. ಕೆರಿಯಮ್ಮ ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ತೆಗೆದಳು. ಬೇರು ಇನ್ನೂ ಕೆಳಗೇ ಹೋಗುತ್ತಿತ್ತು. ಅವಳ ಕೈ ನಿಂತಿತು.

ಜಟ್ಟಿಂಗಪ್ಪ ಹಿಂದೆ ಬಂದು ನಿಂತಿದ್ದ. "ಆ ಬೇರು ಕಡಿದ್ರೆ ಹಲಸು ಬದುಕಲ್ಲ. ಇನ್ನೊಂಚೂರು ಕೆಳಗೆ ತೋಡಿದ್ರೆ..."

"ಕೆಳಗೆ ಅವ್ಳಿದಾಳೆ," ಎಂದಳು ಕೆರಿಯಮ್ಮ.

ಕೆರಿಯಮ್ಮ ತೆಗೆದ ಮಣ್ಣನ್ನೆಲ್ಲ ಬೊಗಸೆ ಬೊಗಸೆಯಾಗಿ ವಾಪಸು ತುಂಬಿದಳು. ಆಮೇಲೆ ಗಂಡನ ಸೊಂಟದಿಂದ ಕತ್ತಿ ಎಳೆದುಕೊಂಡು, ಎಡಗೈಯಲ್ಲಿ ಗಿಡವನ್ನು ಹಿಡಿದು, ನೆಲಮಟ್ಟಕ್ಕೆ ಒಂದೇ ಏಟಿಗೆ ಕಡಿದಳು. ಬಿಳಿ ಹಾಲು ಸುರಿದು ಅವಳ ಅಂಗೈಗೆಲ್ಲ ಮೆತ್ತಿತು. ಆಗ ಅವಳು ಅತ್ತಳು. ಮಗು ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಸತ್ತ ಗಿಡಗಳ ಜಾಗಕ್ಕೆ ನೆಡುವ ತೇಗದ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಸುಬ್ಬಯ್ಯ ಬಂದಾಗ ಅವಳು ಅಲ್ಲೇ ಕೂತಿದ್ದಳು.

"ಸುಬ್ಬಯ್ನೋರೇ, ಈ ತೇಗಾನ ಎಷ್ಟು ವರ್ಷಕ್ಕೆ ಕಡೀತಾರೆ?"

"ಅರವತ್ತಾದ್ರೂ ಆಗ್ಬೇಕು. ಅಷ್ಟೊತ್ತಿಗೆ ನಾನೂ ಇರಲ್ಲ, ನೀನೂ ಇರಲ್ಲ."

"ಅಲ್ಲೀವರ್ಗೂ ಬುಡಕ್ಕೆ ಯಾರೂ ಗುದ್ದಲಿ ಹಾಕಲ್ವಲ್ಲ?"

"ಯಾರ್ ಹಾಕ್ತಾರೆ? ಬೆಂಕಿ ಬೀಳ್ದಂಗೂ ಕಾಯ್ತೀವಿ."

"ಹಂಗಾದ್ರೆ ಒಂದು ಕೊಡಿ."

ಸುಬ್ಬಯ್ಯ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದ. ದಾರ ಹಿಡಿದು ಎಳೆದಂತಿದ್ದ ಸಾಲು. ಚೌಡಿಯ ಜಾಗ ಅದರಿಂದ ಒಂದು ಹೆಜ್ಜೆ ಹೊರಗಿತ್ತು. ರೇಂಜರು ಕೇಳಿದರೆ ಗೂಟ ಹೊಡೆಯುವಾಗ ತನ್ನಿಂದಲೇ ತಪ್ಪಾಯಿತು ಎನ್ನುತ್ತೇನೆಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ, ಗೋಣಿಯಿಂದ ದಪ್ಪನೆಯ ತುಂಡೊಂದನ್ನು ಆರಿಸಿ ಕೊಟ್ಟ.

ಕಡಿದ ಬುಡದ ಪಕ್ಕದಲ್ಲೇ ಕೆರಿಯಮ್ಮ ಅದನ್ನು ಇಳಿಸಿದಳು. ಜಟ್ಟಿಂಗಪ್ಪ ರೂಢಿಯಂತೆ ಮುಂದೆ ಬಂದು ಕಾಲೆತ್ತಿದ. ಅವಳು ಅವನ ಪಾದವನ್ನು ಗಾಳಿಯಲ್ಲೇ ಹಿಡಿದುಕೊಂಡಳು.

"ಮೆಟ್ಬ್ಯಾಡಿ," ಎಂದಳು.

ಎರಡೂ ಅಂಗೈಯಿಂದ ಸುತ್ತಲಿನ ಮಣ್ಣನ್ನು ಅದುಮಿದಳು. ಜ್ವರದ ಮಗುವಿನ ಮೈಮೇಲೆ ಕಂಬಳಿ ಒತ್ತುವ ಹಾಗೆ, ಮೆಲ್ಲಗೆ.

ಸಂಜೆ ಗಂಟುಮೂಟೆ ಕಟ್ಟುವಾಗಲೂ ಹಲಸಿನ ಮೇಣ ಕೈ ಬಿಟ್ಟಿರಲಿಲ್ಲ. ಅದು ನೀರಿಗೆ ಹೋಗುವಂಥದ್ದಲ್ಲ, ಎಣ್ಣೆ ಬೇಕು. ಕಟ್ಟಿದ ಗಂಟನ್ನು ಬಿಚ್ಚಿ, ಜಟ್ಟಿಂಗಪ್ಪ ಎಣ್ಣೆಯ ಕುಡಿಕೆ ಹುಡುಕಿ ತಂದು ಅವಳೆದುರು ಕೂತ. ಚೌಡಿಯ ಜಾಗದ ಮಣ್ಣು ಮೆತ್ತಿಕೊಂಡಿದ್ದ ತನ್ನ ಕೈಗಳನ್ನು ಕೆರಿಯಮ್ಮ ಮುಷ್ಟಿ ಮಾಡಿ ಮಡಿಲಲ್ಲಿಟ್ಟುಕೊಂಡಳು. ಬಿಚ್ಚಲಿಲ್ಲ.