ನಾಲ್ಕು ಬೆರಳು ಎತ್ತರದ ಸೇಡು

ಸಮಸ್ತ ಬಂಧುಮಿತ್ರರ ಅವಗಾಹನೆಗೆ ಅತ್ಯಂತ ವಿಷಾದದಿಂದ ತಿಳಿಸೋದೇನಂದ್ರೆ, ನನ್ನ ಮೇಲಿನ ಸಾಲಿನ ಎಡಗಡೆ ಮುಂದಿನ ಹಲ್ಲು ಅರ್ಧ ತೀರಿಕೊಂಡು ಮೂವತ್ತೊಂದು ವರ್ಷವಾಯ್ತು. ಉಳಿದರ್ಧ ಇನ್ನೂ ಬಾಯಲ್ಲೇ ಇದೆ, ಸಾಕ್ಷಿ ಹೇಳೋಕೆ. ಕಾರಣಕರ್ತರು ನಮ್ಮ ದೊಡ್ಡಪ್ಪ.

ಆಗ ನನಗೆ ಎಂಟು ವರ್ಷ. ದೊಡ್ಡಪ್ಪ ಸೈಕಲ್ ತಂದುಕೊಟ್ರು. ಅದು ಸೈಕಲ್ಲೋ ಏಣಿಯೋ ಗೊತ್ತಾಗ್ಲಿಲ್ಲ. ಸೀಟ್ ಮೇಲೆ ಕೂರಿಸಿದ್ರೆ ಕಾಲು ಗಾಳೀಲಿ. "ದೊಡ್ಡಪ್ಪಾ, ನೆಲ ಸಿಗ್ತಿಲ್ಲ" ಅಂದೆ.

"ಬೆಳೆಯೋ ಮಗು. ಬೆಳೀತಾ ಬೆಳೀತಾ ಸರಿಹೋಗುತ್ತೆ" ಅಂತ ಬೆನ್ನಿಗೊಂದು ತಳ್ಳು ಕೊಟ್ರು.

ನೆಲ ಸಿಕ್ತು. ಮೊದಲು ಹಲ್ಲಿಗೆ ಸಿಕ್ತು. ಅವತ್ತಿಂದ ಹಲ್ಲು ಮಸೀತಾನೇ ಇದೀನಿ, ಇದ್ದಷ್ಟರಲ್ಲೇ.

ಆ ಸಿಟ್ಟಿಗೇ ನಾನು ಮಕ್ಕಳ ಸೈಕಲ್ ಮಾಡೋಳಾದೆ. ನನ್ನ ವರ್ಕ್‌ಶಾಪಿಗೆ ಬಂದ ಮಗು ಮೊದಲು ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಕಾಲುಗಳ ಮಧ್ಯೆ ಪೂರ್ತಿ ಮೇಲಕ್ಕೆ ಒತ್ತಿದ ಒಂದು ದಪ್ಪ ಪುಸ್ತಕ, ಅದರ ಮೇಲಂಚಿಗೆ ಗೋಡೆ ಮೇಲೊಂದು ಪೆನ್ಸಿಲ್ ಗೀಟು. ಸೀಟು ಆ ಗೀಟಿಗಿಂತ ಕೂದಲೆಳೆಯಷ್ಟೂ ಮೇಲೇರಬಾರದು. ಪೆಡಲಿನ ಕ್ರ್ಯಾಂಕು ಗಿಡ್ಡ, ಮಂಡಿ ಗಲ್ಲಕ್ಕೆ ಬಡೀಬಾರದು. ಬ್ರೇಕು ಪುಟ್ಟ ಬೆರಳಿಗೆ ಎಟುಕಬೇಕು. ಫ್ರೇಮ್ ಮಾತ್ರ ಅಣ್ಣ ಓಡಿಸಿ, ತಂಗಿ ಓಡಿಸಿ, ಕೊನೇ ತಮ್ಮ ಗೋಡೆಗೆ ಗುದ್ದಿದ ಮೇಲೂ ಜಗ್ಗಬಾರದು. "ಒಂದು ಸೈಜ್ ದೊಡ್ಡದೇ ಕೊಡಿ" ಅನ್ನೋ ಅಪ್ಪ ಅಮ್ಮಂದಿರಿಗೆ ಹಲ್ಲು ತೋರಿಸ್ತೀನಿ. ನಗ್ತಿದಾಳೆ ಅಂದ್ಕೋತಾರೆ ಪಾಪ. ಅದು ಜಾಹೀರಾತು.

ಹೋದ ತಿಂಗಳು ದೊಡ್ಡಪ್ಪ ತಾವಾಗೇ ಬಂದು ಬೋನಿಗೆ ಬಿದ್ರು.

"ಮೊಮ್ಮಗಳಿಗೊಂದು ಸೈಕಲ್ ಮಾಡಮ್ಮ. ಸ್ವಲ್ಪ ದೊಡ್ಡದೇ ಇರ್ಲಿ, ಬೆಳೆಯೋ ಮಗು."

ವಯಸ್ಸು ಎಪ್ಪತ್ತೆರಡು. ಬುದ್ಧಿ ಒಂದಿಂಚೂ ಬೆಳೆದಿಲ್ಲ.

"ಅವಳಿಗೊಂದು, ನಿಮಗೊಂದು, ಜೋಡಿ ಸೈಕಲ್ ಮಾಡ್ತೀನಿ ದೊಡ್ಡಪ್ಪಾ. ನನ್ನ ಉಡುಗೊರೆ."

ದೊಡ್ಡಪ್ಪನ ಕಣ್ಣು ಒದ್ದೆಯಾಯ್ತು. "ನನ್ನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿದೀಯಾ?"

"ಮೂವತ್ತೊಂದು ವರ್ಷದಿಂದ ಇಟ್ಕೊಂಡಿದೀನಿ."

ಅವರೂ ಪುಸ್ತಕ ಸಿಕ್ಕಿಸ್ಕೊಂಡು ಗೋಡೆಗೆ ನಿಂತ್ರು, ಮಗ್ಗಿ ಬರದ ಹುಡುಗನ ಥರ. ಮೊಮ್ಮಗಳ ಸೈಕಲ್ ಗೀಟಿಗೆ ಸರಿಯಾಗಿ ಮಾಡಿದೆ. ಮಗು ಮೇಲೆ ನನಗೇನು ಹಗೆ? ದೊಡ್ಡಪ್ಪನ ಗೀಟಿಗೆ ನಾಲ್ಕು ಬೆರಳು ಸೇರಿಸಿದೆ. ಸೀಟು ಇಳಿಸಿ ಬಚಾವಾಗಬಾರದು ಅಂತ ಅದರ ಕೆಳಗಿನ ಪೈಪನ್ನೇ ಉದ್ದ ಇಡಿಸಿದೆ. ನಮ್ಮ ವರ್ಕ್‌ಶಾಪಲ್ಲಿ ಬೆಸುಗೆ ಹಾಕೋ ಅಕ್ಕ ಕನ್ನಡಕ ಮೇಲೆತ್ತಿ, "ಇದ್ಯಾರ ಕಾಲು ಮೇಡಂ, ಒಂಟೇದಾ?" ಅಂದ್ಳು.

"ನೀವು ಬೆಸೀರಿ ಅಕ್ಕ."

ಯೋಜನೆ ಹೀಗಿತ್ತು. ಮೊಮ್ಮಗಳ ಹುಟ್ಟಿದ ದಿನ ಇಡೀ ಕುಟುಂಬ ನನ್ನ ವರ್ಕ್‌ಶಾಪ್ ಮುಂದಿನ ರಸ್ತೇಲಿ ನಿಂತಿರುತ್ತೆ. ದೊಡ್ಡಪ್ಪ ಹತ್ತುತ್ತಾರೆ. ನಾನು ಬೆನ್ನಿಗೊಂದು ತಳ್ಳು ಕೊಡ್ತೀನಿ. ಬೀಳೋ ಜಾಗದಲ್ಲಿ ಪ್ಯಾಕಿಂಗ್ ಸ್ಪಂಜಿನ ರಾಶಿ ಹಾಕಿಸಿದ್ದೆ. ನನಗೆ ಬೇಕಾಗಿದ್ದು ಮೂಳೆ ಅಲ್ಲ, ಮಾನ. ಬಿದ್ದವರ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳೋ ಹಾಗೆ ಒಂದೇ ಮಾತು: "ಬೆಳೀತಾ ಬೆಳೀತಾ ಸರಿಹೋಗುತ್ತೆ, ದೊಡ್ಡಪ್ಪಾ." ಕನ್ನಡಿ ಮುಂದೆ ಒಂದು ವಾರ ಅಭ್ಯಾಸ ಮಾಡಿದ್ದೆ.

ಆ ದಿನ ಬಂತು. ಮೊಮ್ಮಗಳು ಆಗಲೇ ಹೊರಗೆ ಗಂಟೆ ಬಾರಿಸ್ಕೊಂಡು ಸುತ್ತು ಹೊಡೀತಿದ್ಳು. ನಾನು ದೊಡ್ಡಪ್ಪನ ಸೈಕಲ್ ತಳ್ಕೊಂಡು ಬಾಗಿಲಿಗೆ ಬಂದೆ. ಹಿಂದಿನ ಚಕ್ರ ಮುಂದೆ ಬರ್ಲಿಲ್ಲ. ಅಕ್ಕ ಹಿಡ್ಕೊಂಡಿದ್ಳು.

"ಕೂರಿಸಿ ನೋಡಿಲ್ಲ ಮೇಡಂ" ಅಂತ ಬಾಗಿಲ ಮೇಲಿನ ಬೋರ್ಡ್ ತೋರಿಸಿದ್ಳು. ನನ್ನದೇ ಕೈಬರಹ: 'ಸವಾರರು ಕೂತಾಗ ಎರಡೂ ಪಾದ ನೆಲಕ್ಕೆ ತಾಗದ ಯಾವ ಸೈಕಲ್ಲೂ ಈ ಬಾಗಿಲು ದಾಟುವಂತಿಲ್ಲ. ಮಾಲೀಕರು ಹೇಳಿದರೂ ಇಲ್ಲ.'

"ಅಕ್ಕಾ, ಅದು ಮಕ್ಕಳಿಗೆ."

"ಮಕ್ಕಳು ಅಂತ ಎಲ್ಲಿದೆ? ಸವಾರರು ಅಂತಿದೆ."

"ಅಂಗಡಿ ನಂದು, ನಾನು ಹೇಳ್ತಿದೀನಿ..."

"ಕೊನೇ ಸಾಲು ಓದ್ಕೊಳ್ಳಿ."

ಅಷ್ಟರಲ್ಲಿ ಅತ್ತೆಯಂದಿರು, ಚಿಕ್ಕಪ್ಪಂದಿರು ಎಲ್ಲ ಬಾಗಿಲಲ್ಲಿ ಇಣುಕ್ತಿದ್ರು. ಅಕ್ಕ ದೊಡ್ಡಪ್ಪನ ಸೊಂಟ ಹಿಡಿದು ಎತ್ತಿ ಸೀಟ್ ಮೇಲೆ ಕೂರಿಸಿದ್ಳು. ಎರಡು ಕಾಲೂ ಗಾಳೀಲಿ ತೂಗಾಡಿದ್ವು. ದೊಡ್ಡಪ್ಪ ಕೆಳಗೆ ನೋಡಿ ಸಣ್ಣ ದನೀಲಿ ಅಂದ್ರು, "ನೆಲ ಸಿಗ್ತಿಲ್ಲಮ್ಮ."

ಆಹಾ! ನಾನು ಬಾಯಿ ತೆರೆದೆ. ಆದ್ರೆ ಬೀಳದೇ ಇರೋ ಮನುಷ್ಯನಿಗೆ ಆ ಮಾತು ಹೇಗೆ ಹೇಳೋದು? ಅಕ್ಕ ಅವರನ್ನ ಹಾಲಿನ ಕ್ಯಾನ್ ಥರ ಜೋಪಾನವಾಗಿ ಇಳಿಸಿ, "ಫೇಲ್. ಪೈಪ್ ಕುಯ್ದು ಮತ್ತೆ ಬೆಸೀಬೇಕು" ಅಂತ ಸೈಕಲ್ ಒಳಗೆ ಒಯ್ದೇಬಿಟ್ಳು.

ದೊಡ್ಡಪ್ಪ ನನ್ನ ಪೆಚ್ಚು ಮುಖ ನೋಡಿದ್ರು. ಪಾಪ ಅನ್ನಿಸ್ತು ಅಂತ ಕಾಣುತ್ತೆ. ಇಡೀ ಕುಟುಂಬದ ಎದುರು ನನ್ನ ಬೆನ್ನು ತಟ್ಟಿದ್ರು.

"ಅಳತೆ ತಪ್ಪಿದ್ದಕ್ಕೆ ಬೇಜಾರು ಮಾಡ್ಕೋಬೇಡಮ್ಮ. ಬೆಳೀತಾ ಬೆಳೀತಾ ಸರಿಹೋಗುತ್ತೆ."

ನಾನು ಎಷ್ಟು ಗಟ್ಟಿಯಾಗಿ ಹಲ್ಲು ಕಚ್ಚಿದೆ ಅಂದ್ರೆ, ಪಕ್ಕದ ಹಲ್ಲಿಂದಲೂ ಒಂದು ಚೂರು ಹಾರಿಹೋಯ್ತು.